ಹಿಂಬದಿಗೆ ಹೆಸರು ಬರೆದಿಡಿ

ಮಕ್ಕಳೇ, ಮದುವೆಮನೆಗಿಂತ ಸಾವಿನ ಮನೆಗೆ ಹೆಚ್ಚು ಹೋಗುವ ವಯಸ್ಸು ನನ್ನದು. ಹೋದಲ್ಲೆಲ್ಲ ಈಗೀಗ ಒಂದೇ ಗಡಿಬಿಡಿ ಕಾಣುತ್ತಿದ್ದೇನೆ. ಹೆಣ ಇನ್ನೂ ಜಗಲಿಯಲ್ಲಿರುತ್ತದೆ, ಮೊಮ್ಮಕ್ಕಳು ಮೂಲೆಯಲ್ಲಿ ಗುಂಪುಗೂಡಿ ಮೊಬೈಲ್ ತಿಕ್ಕುತ್ತಿರುತ್ತಾರೆ. ಅಜ್ಜನ ಫೋಟೊ ಹುಡುಕುತ್ತಿದ್ದಾರೆ. ಫ್ಲೆಕ್ಸಿಗೆ ಒಂದು ಬೇಕು, ಪೇಪರಿನ ಶ್ರದ್ಧಾಂಜಲಿಗೆ ಒಂದು ಬೇಕು, ಹದಿಮೂರನೆಯ ದಿನ ಹಾರ ಹಾಕಿ ಇಡಲು ಒಂದು ಬೇಕು. ಫೋನಿನಲ್ಲಿ ಸಾವಿರಗಟ್ಟಲೆ ಚಿತ್ರಗಳಿವೆ. ಅಜ್ಜ ಮಾತ್ರ ಯಾರದೋ ಭುಜದ ಹಿಂದೆ ಅರ್ಧ ಮುಖ, ಇಲ್ಲವೇ ಊಟದ ಪಂಕ್ತಿಯಲ್ಲಿ ಬಾಯಿಗೆ ತುತ್ತು ಇಡುವ ಭಂಗಿ. ಕೊನೆಗೆ ಆಧಾರ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸುತ್ತಾರೆ. ಆಧಾರ್ ಚಿತ್ರದಲ್ಲಿ ಯಾರು ತಾನೇ ತಮ್ಮ ಹಾಗೆ ಕಾಣುತ್ತಾರೆ ಹೇಳಿ? ಎಂಬತ್ತು ವರ್ಷ ನಗುನಗುತ್ತ ಬಾಳಿದ ಮನುಷ್ಯ ಗೋಡೆಯ ಮೇಲೆ ಪೊಲೀಸ್ ಠಾಣೆಗೆ ಬಂದವರಂತೆ ನೋಡುತ್ತಾ ಉಳಿದುಬಿಡುತ್ತಾರೆ.

ನಾನು ಬೆಳೆದ ಕಾಲದಲ್ಲಿ ಚಿತ್ರವೇ ಇರಲಿಲ್ಲ. ಶರಾವತಿ ದಂಡೆಯ ನಮ್ಮ ಊರಿಗೆ ಕ್ಯಾಮೆರಾ ಬರುವುದೆಂದರೆ ಸಾಗರದಿಂದ ಫೋಟೊಗ್ರಾಫರ್ ಬರಬೇಕು. ಆತ ಮೂರು ಕಾಲಿನ ಸ್ಟ್ಯಾಂಡು ಊರಿ, ಕರಿ ಬಟ್ಟೆಯೊಳಗೆ ತಲೆ ತೂರಿಸಿ, ಅಲುಗಾಡಬೇಡಿ ಎಂದು ಗದರುವಷ್ಟರಲ್ಲಿ ಮಕ್ಕಳು ಅಳಲು ಶುರುಮಾಡುತ್ತಿದ್ದವು. ಫೋಟೊ ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಂಬಿದವರು ಮನೆಮನೆಯಲ್ಲಿದ್ದರು. ನಮ್ಮ ಅಜ್ಜಿಯೂ ಅವರಲ್ಲೊಬ್ಬಳು. ಬದುಕಿರುವ ತನಕ ಕ್ಯಾಮೆರಾದ ಮುಂದೆ ನಿಲ್ಲಲೇ ಇಲ್ಲ. ತೀರಿಕೊಂಡ ದಿನ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ಆನಿಕೆ ಕೊಟ್ಟು, ಸೆರಗು ಹೊದಿಸಿ ಒಂದು ಚಿತ್ರ ತೆಗೆಸಿದರು. ಮುಚ್ಚಿದ ಕಣ್ಣಿನ ಮೇಲೆ ತೆರೆದ ಕಣ್ಣು ಬರೆದುಕೊಟ್ಟವನು ಆ ಫೋಟೊಗ್ರಾಫರನೇ. ಆಗ ಎಷ್ಟೋ ಮನೆಗಳಲ್ಲಿ ಹೀಗೇ ಮಾಡುತ್ತಿದ್ದರು.

ಅದು ಅಜ್ಜಿಯ ನೋಟವಾಗಿರಲಿಲ್ಲ. ಆದರೂ ಆ ಕಟ್ಟು ಜಗಲಿಯ ಗೋಡೆಯಲ್ಲಿ ಮುಂದಕ್ಕೆ ಬಾಗಿಕೊಂಡು ವರ್ಷಗಟ್ಟಲೆ ತೂಗುತ್ತಿತ್ತು. ಅದರ ಹಿಂದೆ ಗುಬ್ಬಿಯ ಸಂಸಾರ. ರಾತ್ರಿ ಊಟವಾದ ಮೇಲೆ ದೊಡ್ಡಪ್ಪ ಅದರ ಕೆಳಗೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಅಜ್ಜಿಯ ಮಾತು ತೆಗೆಯುತ್ತಿದ್ದರು. ಅವಳು ಕೊಟ್ಟಿಗೆಗೆ ಬಂದ ಹುಲಿಯನ್ನು ಒನಕೆ ಹಿಡಿದು ಓಡಿಸಿದ್ದು, ಅಜ್ಜ ಮಾಡಿಟ್ಟುಹೋದ ಸಾಲವನ್ನು ಹಾಲು ಮಜ್ಜಿಗೆ ಮಾರಿ ತೀರಿಸಿದ್ದು. ಹುಲಿಯ ಕಥೆಯಲ್ಲಿ ದಿಟ ಎಷ್ಟೋ, ಸಾಲದ ಕಥೆ ಮಾತ್ರ ಪೂರಾ ದಿಟ. ನಾವು ಮಕ್ಕಳು ಅಜ್ಜಿಯನ್ನು ತಿಳಿದುಕೊಂಡದ್ದು ಅಲ್ಲಿ, ಆ ಮಾತಿನಲ್ಲಿ. ಚಿತ್ರದ ಕೆಲಸ ಮಾತು ಶುರುಮಾಡಿಸುವುದಷ್ಟೇ ಆಗಿತ್ತು.

ನನ್ನ ಚಿಂತೆ ಇರುವುದು ಇಲ್ಲೇ. ನಿಮ್ಮ ಹತ್ತಿರ ಚಿತ್ರ ಬೇಕಾದಷ್ಟಿದೆ, ಮಾತು ನಿಂತುಹೋಗುತ್ತಿದೆ. ಹಳೆ ಮನೆ ಮಾರುವಾಗ ಅಟ್ಟದಿಂದ ಟ್ರಂಕು ಇಳಿಸುತ್ತೀರಿ. ಒಳಗೆ ಪಂಚೆ ಕೋಟು ಪೇಟದವರು, ಹದಿನಾರು ಮೊಳದ ಸೀರೆಯವರು, ಮರದ ಕುದುರೆಯ ಮೇಲೆ ಕೂತ ಮಗು. ಯಾರಿವರು? ಗೊತ್ತಿಲ್ಲ. ಹೇಳುವವರು ಹೋದ ವರ್ಷವೇ ತೀರಿಕೊಂಡರು. ಗೊತ್ತಿಲ್ಲದವರನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಗುಜರಿಯವನಿಗೆ ಕೊಡುತ್ತೀರಿ. ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಹಿತ್ತಾಳೆ ತಂಬಿಗೆ, ಹಳೆ ರೇಡಿಯೋಗಳ ನಡುವೆ ಕಟ್ಟು ಹಾಕಿದ ಇಂಥ ಮುಖಗಳನ್ನು ಮಾರುವುದನ್ನು ನೋಡಿದ್ದೇನೆ. ಹೋಟೆಲಿನವರು ಅಲಂಕಾರಕ್ಕೆಂದು ಕೊಂಡುಹೋಗುತ್ತಾರೆ. ಯಾರದೋ ಮುತ್ತಜ್ಜಿಯ ಕೆಳಗೆ ಕೂತು ಇನ್ಯಾರೋ ಮಸಾಲೆದೋಸೆ ತಿನ್ನುತ್ತಾರೆ.

ಹಾಗಾಗಿ ನಾನು ನಿಮ್ಮನ್ನು ಕೇಳುವುದು ಬಹಳ ಸಣ್ಣ ಕೆಲಸ. ಮನೆಯಲ್ಲಿ ಎಂಬತ್ತರ ಆಚೀಚಿನವರು ಯಾರಿದ್ದಾರೋ ಅವರ ಮುಂದೆ ಹಳೆ ಫೋಟೊಗಳನ್ನು ಹರಡಿ ಕೂರಿ. ಮೊಬೈಲಿನಲ್ಲಿ ತೋರಿಸಬೇಡಿ. ಅವರಿಗೆ ಕಣ್ಣಿನ ಪೊರೆ, ಬೆರಳು ತಾಗಿ ಚಿತ್ರ ಸರಿದುಹೋದರೆ ಸಾಕು ಎಂದು ಸುಮ್ಮನಾಗುತ್ತಾರೆ. ಕಾಗದದ ಚಿತ್ರವನ್ನೇ ಕೈಗೆ ಕೊಡಿ, ಕಿಟಕಿಯ ಬೆಳಕಿನಲ್ಲಿ ಕೂರಿಸಿ, ಕನ್ನಡಕ ಹುಡುಕಿಕೊಡಿ. ನಿಮ್ಮ ಬಾಲ್ಯ ಹೇಗಿತ್ತು ಎಂದು ಕೇಳಿದರೆ ಕಷ್ಟದಲ್ಲಿತ್ತಪ್ಪ ಎನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಚಿತ್ರದಲ್ಲಿ ಕಾಣುವುದನ್ನು ಕೇಳಿ. ಈ ಸರ ಯಾರದು, ನಿಮ್ಮದೋ ಎರವಲು ತಂದದ್ದೋ? ಈತ ಯಾಕೆ ಬರಿಗಾಲಲ್ಲಿದ್ದಾನೆ? ಹಿಂದೆ ಕಾಣುವ ಬಾಗಿಲು ಯಾವ ಮನೆಯದು? ಈ ಚಿಕ್ಕಮ್ಮ ಯಾಕೆ ಮುಖ ತಿರುಗಿಸಿದ್ದಾರೆ? ಆಗ ನೋಡಿ, ಸರ ಅಡವಿಟ್ಟ ಕಥೆ ಬರುತ್ತದೆ, ಚಿಕ್ಕಮ್ಮನ ಕೋಪದ ಕಥೆ ಬರುತ್ತದೆ. ಒಂದೇ ಚಿತ್ರಕ್ಕೆ ಒಂದು ಮಧ್ಯಾಹ್ನ ಹೋಗಲಿ, ಅವಸರ ಮಾಡಬೇಡಿ. ಫೋನಿಗೆ ಒಂದು ಒಳ್ಳೆಯ ಉಪಯೋಗ ಇದೆ, ಅದನ್ನು ಮಗ್ಗುಲಲ್ಲಿಟ್ಟು ಅವರ ಮಾತು ರೆಕಾರ್ಡ್ ಮಾಡಿ, ಅವರಿಗೆ ಹೇಳಿಯೇ ಮಾಡಿ. ಇನ್ನು ಹತ್ತು ವರ್ಷಕ್ಕೆ ನಿಮಗೆ ಆ ಮುಖಕ್ಕಿಂತ ಆ ದನಿ ಹೆಚ್ಚು ಬೇಕಾಗಬಹುದು.

ಅವರು ಹೇಳಿದ್ದನ್ನು ಅಂದೇ ಬರೆದಿಡಿ. ಹಳೆಯ ಕಪ್ಪುಬಿಳುಪು ಚಿತ್ರವಾದರೆ ಹಿಂಬದಿಯಲ್ಲಿ, ಅಂಚಿಗೆ, ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ ಬೇಡ, ಒತ್ತಿದ ಗೆರೆ ಈಚೆ ಬದಿಯ ಮುಖದ ಮೇಲೆ ಮೂಡುತ್ತದೆ, ಶಾಯಿಯೂ ಹರಡುತ್ತದೆ. ಆಮೇಲಿನ ಕಲರ್ ಫೋಟೊಗಳ ಹಿಂಬದಿ ನುಣ್ಣಗೆ ಪ್ಲಾಸ್ಟಿಕ್ಕಿನಂತಿರುತ್ತದೆ, ಪೆನ್ಸಿಲು ಹಿಡಿಯುವುದಿಲ್ಲ. ಅದನ್ನು ಒಂದು ಕಾಗದದ ಲಕೋಟೆಯಲ್ಲಿಟ್ಟು ಲಕೋಟೆಯ ಮೇಲೆ ಮೊದಲೇ ಬರೆದಿಡಿ. ಅಜ್ಜ, ದೊಡ್ಡಮ್ಮ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾರ ಅಜ್ಜ? ನಿಮ್ಮ ಮಗಳು ಓದುವ ಹೊತ್ತಿಗೆ ಆ ಅಜ್ಜ ಇನ್ನೊಬ್ಬರಾಗಿರುತ್ತಾರೆ. ಪೂರ್ತಿ ಹೆಸರು, ಊರು, ಯಾರ ಮಗ, ಸುಮಾರು ಯಾವ ವರ್ಷ. ಖಾತ್ರಿ ಇಲ್ಲದಿದ್ದರೆ ಅಂದಾಜು ಎಂದೇ ಬರೆಯಿರಿ, ನಾಚಿಕೆ ಏನಿಲ್ಲ.

ಫೋಟೊಗಳನ್ನು ಕಾಪಾಡುವುದರ ಬಗ್ಗೆಯೂ ಎರಡು ಮಾತು, ಯಾಕೆಂದರೆ ಪ್ರೀತಿಯಿಂದಲೇ ಹಾಳುಮಾಡಿದವರನ್ನು ಕಂಡಿದ್ದೇನೆ. ಎಲ್ಲಕ್ಕಿಂತ ಮೊದಲು, ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿ ಒತ್ತಿ ಪ್ಲಾಸ್ಟಿಕ್ ಅಂಟಿಸಿದ ಮೇಲೆ ಚಿತ್ರವನ್ನು ಬಿಡಿಸಿಕೊಳ್ಳುವ ದಾರಿಯೇ ಇಲ್ಲ. ಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೊವನ್ನು ಎಳೆಯಬೇಡಿ. ಚಿತ್ರ ಇರುವುದು ತೆಳುವಾದ ಜೆಲಾಟಿನ್ ಪದರದಲ್ಲಿ, ಮಳೆಗಾಲದ ತೇವಕ್ಕೆ ಅದು ಮೆತ್ತಗಾಗಿ ಗಾಜನ್ನು ಹಿಡಿದುಕೊಂಡಿರುತ್ತದೆ, ಎಳೆದರೆ ಮುಖ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಮೇಲಿಂದಲೇ, ಬೆಳಕು ಹೊಳೆಯದಂತೆ ಓರೆ ಹಿಡಿದು, ಒಂದು ಪ್ರತಿ ತೆಗೆದುಕೊಳ್ಳಿ. ಒಮ್ಮೆ ಎಲ್ಲರ ಮನೆಗೂ ಬಂದಿದ್ದ ಅಂಟು ಹಾಳೆಯ ಆಲ್ಬಂ ಇದ್ದರೆ ಚಿತ್ರಗಳನ್ನು ಹುಷಾರಾಗಿ ಹೊರಗೆ ತೆಗೆಯಿರಿ, ಆ ಅಂಟು ಹಳದಿಯಾಗಿ ಚಿತ್ರವನ್ನೂ ತಿನ್ನುತ್ತದೆ. ಮಲೆನಾಡಿನವರಿಗೆ ನಾನು ಬೂಷ್ಟಿನ ಬಗ್ಗೆ ಹೇಳಬೇಕಾಗಿಲ್ಲ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡದಿದ್ದರೆ ಅರ್ಧ ಗೆದ್ದಂತೆ.

ಅಪ್ಪ ಅಮ್ಮನ ಮದುವೆಯ ಕಲರ್ ಆಲ್ಬಂ ಕೆಂಪಡರಿ ಹೋಗಿದೆ, ಅಜ್ಜನ ಮದುವೆಯ ಕಪ್ಪುಬಿಳುಪು ಚಿತ್ರ ಮಾತ್ರ ಇನ್ನೂ ಗಟ್ಟಿ ಇದೆ, ಇದೇನು ಎಂದು ಹುಡುಗಿಯೊಬ್ಬಳು ಕೇಳಿದಳು. ಕಪ್ಪುಬಿಳುಪಿನಲ್ಲಿ ಚಿತ್ರ ಮೂಡಿಸಿದ್ದು ಬೆಳ್ಳಿಯ ಕಣ, ಕಲರಿನಲ್ಲಿ ಉಳಿಯುವುದು ಬಣ್ಣದ ರಸಾಯನ. ಬಣ್ಣ ಬೆಳಕಿಗೂ ಸೆಖೆಗೂ ಮಾಸುತ್ತದೆ, ಎಲ್ಲ ಬಣ್ಣವೂ ಒಂದೇ ಸಮ ಮಾಸುವುದಿಲ್ಲ. 1980, 90ರ ದಶಕದ ಆಲ್ಬಂ ಮನೆಯಲ್ಲಿದ್ದರೆ ಮೊದಲು ಅದನ್ನು ಸ್ಕ್ಯಾನ್ ಮಾಡಿಸಿ, ಅಜ್ಜ ಕಾಯಬಲ್ಲರು. ನೆಗೆಟಿವ್ ಸಿಕ್ಕರೆ ಎಸೆಯಬೇಡಿ. ಊಟಿಯಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ಇತ್ತು, ಇಂದು ಎನ್ನುವ ಹೆಸರಿನಲ್ಲಿ ಫಿಲ್ಮು, ಕಾಗದ ಮಾಡುತ್ತಿತ್ತು. ಕಾರ್ಖಾನೆ ಮುಚ್ಚಿಹೋಯಿತು, ಅದರ ಫಿಲ್ಮಿನಲ್ಲಿ ನಕ್ಕವರು ಟ್ರಂಕಿನ ತಳದಲ್ಲಿ ಇನ್ನೂ ಇದ್ದಾರೆ.

ಕಾಗದಕ್ಕೆ ಗೆದ್ದಲು, ಫೋನಿಗೆ ಪಾಸ್‌ವರ್ಡು. ಎಲ್ಲ ಗೂಗಲ್‌ನಲ್ಲಿದೆ ಎಂದು ನೀವು ನೆಮ್ಮದಿಯಾಗಿದ್ದೀರಿ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಅಳಿಸಿಹಾಕುವುದಾಗಿ ಆ ಕಂಪನಿಯೇ 2023ರಲ್ಲಿ ಹೇಳಿದೆ. ತೀರಿಹೋದವರು ಖಾತೆ ತೆರೆಯಲು ಬರುವುದಿಲ್ಲವಲ್ಲ. ಅಪ್ಪನ ಫೋನಿನಲ್ಲಿ ಏನಿದೆ, ಅದನ್ನು ತೆರೆಯುವುದು ಹೇಗೆ ಎಂದು ಅಪ್ಪ ಗಟ್ಟಿ ಇರುವಾಗಲೇ ಕೇಳಿಟ್ಟುಕೊಳ್ಳಿ. ಕೇಳಲು ಮುಜುಗರ ಅನ್ನಿಸಿದರೆ ನಿಮ್ಮದನ್ನು ಅವರಿಗೆ ಮೊದಲು ಹೇಳಿ. ಸ್ಕ್ಯಾನ್ ಮಾಡಿದ್ದನ್ನು ಒಂದೇ ಕಡೆ ಇಡಬೇಡಿ, ವಾಟ್ಸಾಪ್‌ನಲ್ಲಿ ಮಾಮೂಲಿನಂತೆ ಕಳಿಸಿದರೆ ಚಿತ್ರ ಸಣ್ಣದಾಗುತ್ತದೆ, ಡಾಕ್ಯುಮೆಂಟ್ ಮಾಡಿ ಕಳಿಸಿ. ವರ್ಷಕ್ಕೊಮ್ಮೆ, ದೀಪಾವಳಿಯ ಹೊತ್ತಿಗೋ ಯುಗಾದಿಗೋ, ಆ ವರ್ಷದ ಕೆಲವೇ ಚಿತ್ರ ಆರಿಸಿ ಪ್ರಿಂಟ್ ಹಾಕಿಸಿ. ಆರಿಸುವುದರಲ್ಲಿಯೇ ನಿಮಗೆ ಯಾರು ಮುಖ್ಯ ಎನ್ನುವುದು ನಿಮಗೇ ತಿಳಿಯುತ್ತದೆ.

ಈಗ ಯಂತ್ರದ ಇನ್ನೊಂದು ಆಟ ಬಂದಿದೆ. ಸತ್ತವರ ಚಿತ್ರ ಹಾಕಿದರೆ ಕಣ್ಣು ಮಿಟುಕಿಸುತ್ತದೆ, ತಲೆ ಆಡಿಸುತ್ತದೆ, ಬಣ್ಣ ತಾನೇ ತುಂಬಿಕೊಳ್ಳುತ್ತದೆ. ನೆಂಟರ ಮನೆಯ ಹುಡುಗ ತನ್ನ ಮುತ್ತಜ್ಜಿಯನ್ನು ಹೀಗೆ ನಗಿಸಿ ತೋರಿಸಿದ. ಅವನ ಅಜ್ಜಿ, ಅಂದರೆ ಆಕೆಯ ಮಗಳು, ಸ್ವಲ್ಪ ಹೊತ್ತು ನೋಡಿ ಹೇಳಿದರು: ನಮ್ಮಮ್ಮ ಹೀಗೆ ಹಲ್ಲು ಕಾಣಿಸಿ ನಗುತ್ತಿರಲಿಲ್ಲ ಮಾರಾಯ, ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು, ಆ ಸೀರೆಯೂ ನೀಲಿ ಅಲ್ಲ, ಕುಂಕುಮಗೆಂಪು. ನೋಡಿ, ಯಂತ್ರಕ್ಕೆ ಗೊತ್ತಿಲ್ಲದ ಎರಡು ಸಂಗತಿ ಅರ್ಧ ನಿಮಿಷದಲ್ಲಿ ಹೊರಗೆ ಬಂತು. ನಮ್ಮ ಅಜ್ಜಿಗೆ ಕಣ್ಣು ಬರೆದ ಫೋಟೊಗ್ರಾಫರನಿಗೆ ಬೇರೆ ದಾರಿ ಇರಲಿಲ್ಲ, ನಿಮಗೆ ಕೇಳಿ ತಿಳಿಯುವ ದಾರಿ ಮನೆಯಲ್ಲಿಯೇ ಕೂತಿದೆ. ಆಟಕ್ಕೆ ಮಾಡುವುದಾದರೆ ಮಾಡಿ, ಬೇಡ ಎನ್ನಲಾರೆ. ಮೂಲ ಚಿತ್ರವನ್ನು ಮುಟ್ಟದೆ ಬೇರೆ ಇಡಿ, ಬದಲಾಯಿಸಿದ್ದರ ಮೇಲೆ ಬದಲಾಯಿಸಿದ್ದು ಎಂದು ಬರೆಯಿರಿ. ಇಲ್ಲವಾದರೆ ನಿಮ್ಮ ಮಕ್ಕಳು ಯಂತ್ರದ ನಗುವನ್ನೇ ಮುತ್ತಜ್ಜಿಯದೆಂದು ನಂಬುತ್ತಾರೆ.

ಕತ್ತರಿಯ ವಿಷಯ ಹೇಳದೆ ಬಿಡುವಂತಿಲ್ಲ. ಹಿಂದಿನವರ ಆಲ್ಬಂಗಳಲ್ಲಿ ಒಂದು ಮುಖದ ಜಾಗ ಖಾಲಿ ಇರುವ ಚಿತ್ರ ನೀವು ನೋಡಿರಬಹುದು. ಜಾತಿ ಬಿಟ್ಟು ಮದುವೆಯಾದ ಅತ್ತೆ, ಆಸ್ತಿಗೆ ಕೋರ್ಟು ಹತ್ತಿದ ಚಿಕ್ಕಪ್ಪ. ಸಿಟ್ಟಿನಲ್ಲಿ ಕತ್ತರಿಸಿದರು. ಕತ್ತರಿಸಿದವರೂ ಹೋದರು, ಆ ಅತ್ತೆಯ ಮೊಮ್ಮಕ್ಕಳು ಈಗ ನಿಮ್ಮ ಮನೆಗೆ ಬಂದು ಹೋಗುತ್ತಾರೆ, ಅವರಿಗೆ ತೋರಿಸಲು ಒಂದು ತೂತು ಉಳಿದಿದೆ. ನೀವು ಕತ್ತರಿ ಹಿಡಿಯುವುದಿಲ್ಲ, ಒಂದು ಬೆರಳಿನಲ್ಲಿ ಡಿಲೀಟ್ ಮಾಡುತ್ತೀರಿ, ಅದು ಇನ್ನೂ ಸಲೀಸು. ಗೆಳೆಯನ ಜೊತೆ ಮಾತು ಬಿಟ್ಟ ರಾತ್ರಿ ಹಾಸ್ಟೆಲ್ಲಿನ ನಾಲ್ಕು ವರ್ಷವನ್ನೇ ಅಳಿಸಿದ ಹುಡುಗರನ್ನು ಬಲ್ಲೆ. ಬೇಡ. ನೋಡಲು ಮನಸ್ಸಿಲ್ಲದಿದ್ದರೆ ಮುಚ್ಚಿಡಿ. ಸಿಟ್ಟು ಇಳಿಯುತ್ತದೆ, ಅಳಿಸಿದ್ದು ಮತ್ತೆ ಸಿಕ್ಕುವುದಿಲ್ಲ.

ಮುಂದೆ ಚಿತ್ರ ತೆಗೆಯುವಾಗಲೂ ಸ್ವಲ್ಪ ಗಮನ ಕೊಡಿ. ಲೈಬ್ರರಿಯಲ್ಲಿ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ಅವರ ಪುಸ್ತಕ ಸಿಕ್ಕರೆ ತೆರೆಯಿರಿ. ಮೈಸೂರಿನವರು, 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು, ಲೈಫ್‌ನಂಥ ಪತ್ರಿಕೆಗಳಿಗೂ ಯುನಿಸೆಫ್‌ಗೂ ಕೆಲಸ ಮಾಡಿದವರು. ಅವರ ಚಿತ್ರಗಳಲ್ಲಿ ಸಾಮಾನ್ಯ ಜನ ತಮ್ಮ ಪಾಡಿಗೆ ತಾವು ಏನೋ ಮಾಡುತ್ತಿರುತ್ತಾರೆ. ನಿಮ್ಮ ಅಮ್ಮನನ್ನು ನೆಟ್ಟಗೆ ನಿಲ್ಲಿಸಿ ಹೂವಿನ ಗಿಡದ ಮುಂದೆ ತೆಗೆದದ್ದು ಒಂದಿರಲಿ. ಅಡಿಕೆ ಸುಲಿಯುವಾಗ, ರೊಟ್ಟಿ ತಟ್ಟುವಾಗ, ಪೇಪರ್ ಓದುತ್ತಾ ನಿದ್ದೆ ಹೋದಾಗ ತೆಗೆದದ್ದೂ ಒಂದಿರಲಿ. ಮನೆಯ ಬಾಗಿಲು, ಒಲೆ, ಕೊಟ್ಟಿಗೆಯನ್ನೂ ತೆಗೆಯಿರಿ. ಇದನ್ನು ಒತ್ತಿ ಹೇಳಲು ಕಾರಣವಿದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ನಮ್ಮ ಊರು ಹಿನ್ನೀರಿಗೆ ಹೋಯಿತು. ಮನೆ, ತೋಟ, ಶಾಲೆ, ದೇವಸ್ಥಾನ ಎಲ್ಲ. ಮುಳುಗಡೆಯ ನೋವನ್ನು ನಾ. ಡಿಸೋಜ ಅವರು ಕಾದಂಬರಿಗಳಲ್ಲಿ ಬರೆದಿಟ್ಟರು, ಅಷ್ಟು ನಮ್ಮ ಪುಣ್ಯ. ಮನೆಯ ಚಿತ್ರ ಮಾತ್ರ ನಮ್ಮ ಯಾರ ಹತ್ತಿರವೂ ಇಲ್ಲ. ಮನೆಯ ಫೋಟೊ ತೆಗೆಸುತ್ತಾರೆಯೇ ಎಂದು ಆಗ ನಗುತ್ತಿದ್ದರು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ತಲೆ ಎತ್ತುತ್ತದೆ, ನೀವು ಅಲ್ಲಿಗೆ ಹೋಗಿ ರೀಲ್ಸ್ ಮಾಡುತ್ತೀರಿ. ಮಾಡಿ. ನೀವು ನಿಂತ ಕೆಸರಿನ ಸುತ್ತ ಯಾರ ಗದ್ದೆ ಇತ್ತು ಎಂದು ಹೇಳಬಲ್ಲವರು ಇನ್ನೂ ಕೆಲವರಿದ್ದೇವೆ, ನಮ್ಮನ್ನೂ ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿ.

ಊರು ಬಿಡುವ ಮೊದಲು ನಮ್ಮ ಮಾಸ್ತರು ಒಂದು ಪುಣ್ಯದ ಕೆಲಸ ಮಾಡಿದರು. 1963ರಲ್ಲಿ ಶಾಲೆಯ ಅಂಗಳದಲ್ಲಿ ನಮ್ಮನ್ನೆಲ್ಲ ಕೂರಿಸಿ ಗ್ರೂಪ್ ಫೋಟೊ ತೆಗೆಸಿದರು. ಎತ್ತರದವರು ಹಿಂದೆ ಬೆಂಚಿನ ಮೇಲೆ, ಮಾಸ್ತರು ನಡುವೆ ಕುರ್ಚಿಯಲ್ಲಿ, ಗಿಡ್ಡರು ಮುಂದೆ ಚಕ್ಕಳಮಕ್ಕಳ ಹಾಕಿ, ಮಧ್ಯೆ ಒಂದು ಸ್ಲೇಟು. ಅವರೇ ಚಿತ್ರದ ಕೆಳಗೆ ಕೂತವರ, ನಿಂತವರ ಹೆಸರನ್ನು ಎಡದಿಂದ ಬಲಕ್ಕೆ ಅಚ್ಚುಕಟ್ಟಾಗಿ ಬರೆಸಿದರು, ಅಂದು ಶಾಲೆಗೆ ಬಾರದವರ ಹೆಸರನ್ನೂ ಬಿಡಲಿಲ್ಲ. ಆಮೇಲೆ ಒಂದೊಂದು ಸಂಸಾರ ಒಂದೊಂದು ಲಾರಿ ಹತ್ತಿತು. ಶಿವಮೊಗ್ಗ ಜಿಲ್ಲೆಯ ಕಾಡಿನಂಚುಗಳಿಗೆ ಚದುರಿದರು. ಅಲ್ಲಿ ಸಿಕ್ಕ ಜಮೀನುಗಳ ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ, ಅದು ಬೇರೆಯೇ ಕಥೆ. ಜೊತೆಗೆ ಈಜಿದವರು, ಜೊತೆಗೆ ಪೆಟ್ಟು ತಿಂದವರು ಎಲ್ಲಿಗೆ ಹೋದರೆಂದು ಎಷ್ಟೋ ವರ್ಷ ತಿಳಿಯಲಿಲ್ಲ.

ಸ್ಲೇಟಿನ ಎಡಕ್ಕೆ ಕೂತವನ ಮನೆಯವರಿಗೆ ಆ ಚಿತ್ರದ ಪ್ರತಿ ಕೊಳ್ಳುವ ಶಕ್ತಿ ಇರಲಿಲ್ಲ. ಕೂಲಿ ಮಾಡಿ ಉಣ್ಣುವವರು, ಆ ದುಡ್ಡಿಗೆ ಅಕ್ಕಿ ಬರುತ್ತಿತ್ತು. ಮಾಸ್ತರು ಹೆಸರು ಬರೆಸಿದ್ದರಿಂದಲೇ ಬಹಳ ಕಾಲದ ಮೇಲೆ ಇನ್ನೊಬ್ಬ ಸಹಪಾಠಿಯ ಮೂಲಕ ಅವನ ಮನೆ ಪತ್ತೆಯಾಯಿತು. ಅವನು ತೀರಿಕೊಂಡಿದ್ದ. ಮಗಳಿಗೆ ಒಂದು ಪ್ರತಿ ದೊಡ್ಡದು ಮಾಡಿಸಿ ಕಳಿಸಿದೆ. ಅಪ್ಪನ ಹುಡುಗು ಮುಖವನ್ನು ಆಕೆ ಅಲ್ಲಿಯ ತನಕ ಕಂಡಿರಲಿಲ್ಲ. ಫೋನ್ ಮಾಡಿದಾಗ ಆಕೆ ಅಳಲಿಲ್ಲ, ಕೇಳಿದ್ದು ಒಂದೇ ಪ್ರಶ್ನೆ: ಅಪ್ಪ ಯಾಕೆ ಎರಡೂ ತೋಳನ್ನು ಅಷ್ಟು ದಪ್ಪ ಮಡಚಿದ್ದಾರೆ? ಅಂಗಿ ಅಣ್ಣನದಮ್ಮಾ, ಬಿಚ್ಚಿದರೆ ಕೈ ಮುಚ್ಚುತ್ತಿತ್ತು ಎಂದೆ. ಅಲ್ಲಿಂದ ಮಾತು ಅವನು ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದುದಕ್ಕೆ ಹೋಯಿತು, ಮಗ್ಗಿಯಲ್ಲಿ ನಮ್ಮನ್ನೆಲ್ಲ ಸೋಲಿಸುತ್ತಿದ್ದುದಕ್ಕೆ ಹೋಯಿತು. ಅಪ್ಪ ಶಾಲೆಯಲ್ಲಿ ಜಾಣ ಎನ್ನುವುದು ಆಕೆಗೆ ಹೊಸ ಸುದ್ದಿ.

ನಿಮ್ಮ ಮನೆಯ ಟ್ರಂಕಿನಲ್ಲಿಯೂ ಇಂಥ ಮುಖಗಳಿವೆ. ಮದುವೆಯ ಗುಂಪಿನ ಅಂಚಿನಲ್ಲಿ ಅರ್ಧ ಬಿದ್ದಿರುವ ತೋಟದ ಆಳು, ಬಾಣಂತನಕ್ಕೆ ಬಂದ ಅಜ್ಜಿ, ಚಪ್ಪರಕ್ಕೆ ಒರಗಿದ ಗಾಡಿಯವನು. ನಿಮಗೆ ಅವರು ಅಂಚಿನವರು. ಅವರ ಮಕ್ಕಳ ಹತ್ತಿರ ಬಹುಶಃ ಇನ್ನೊಂದು ಚಿತ್ರವೇ ಇಲ್ಲ. ಸ್ಕ್ಯಾನ್ ಮಾಡುವಾಗ ಅಂಚು ಕತ್ತರಿಸಬೇಡಿ. ಆ ಹೆಸರನ್ನೂ ಕೇಳಿ ಬರೆಯಿರಿ, ಮನೆಯವರನ್ನು ಹುಡುಕಿ ಪ್ರತಿ ಕೊಟ್ಟುಬನ್ನಿ. ಊರಿಗೆ ಹಬ್ಬಕ್ಕೆ ಹೋದಾಗ ಒಂದು ಬೆಳಿಗ್ಗೆಯ ಕೆಲಸ, ಅಷ್ಟೇ.

ಮನೆಯಲ್ಲಿ ಅಜ್ಜನ ಶಾಲೆಯ ಚಿತ್ರ ಇದ್ದರೆ ಇನ್ನೊಂದು ಮಾಡಿ. ಸಾಲಿನಲ್ಲಿ ಈಗಲೂ ಇರುವವರು ಯಾರೆಂದು ಕೇಳಿ, ನಂಬರು ಪತ್ತೆಮಾಡಿ, ಫೋನ್ ಹಚ್ಚಿ ಅವರ ಕೈಗೆ ಕೊಡಿ. ಸ್ಪೀಕರಿಗೆ ಹಾಕಿ, ಎರಡೂ ಕಡೆ ಕಿವಿ ಮಂದ ಇರುತ್ತದೆ. ಮೊದಲು ಬೈದಾಟ ನಡೆಯುತ್ತದೆ, ಗಾಬರಿಯಾಗಬೇಡಿ, ಅದು ಅವರ ಕ್ಷೇಮಸಮಾಚಾರ. ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಮಾಡಿದರೆ ಒಳ್ಳೆಯದು. ಮಧ್ಯಾಹ್ನ ಮಾಡಿದಿರೋ, ಇಬ್ಬರಲ್ಲಿ ಒಬ್ಬರು ಗೊರಕೆ ಹೊಡೆಯುತ್ತಿರುತ್ತಾರೆ.